‘ಆರ್ಟಿ’ ಎಂದರೆ ಹೊಗಳಿದಂತೆಯೋ, ಕುಂದು ಹೇಳಿದಂತೆಯೋ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಕುಂಬಳೆಯ ಸಮೀಪ ನಮ್ಮ ಹಳೆಯ ಹೆಂಚಿನ ಮನೆಯ ಒಂದು ಭಾಗವನ್ನು ಹೋಂಸ್ಟೇಯಾಗಿ ನಡೆಸುತ್ತಿದ್ದೇವೆ. ಚಾವಡಿಯ ಗೋಡೆಯಲ್ಲಿ ನನ್ನ ತಮ್ಮ ತೆಗೆದ ಯಕ್ಷಗಾನದ ಕಪ್ಪು-ಬಿಳುಪು ಫೋಟೋಗಳನ್ನು ತೂಗುಹಾಕಿದ್ದೇವೆ. ಅತಿಥಿಗಳು ಅಭಿಪ್ರಾಯ ಬರೆಯುವ ಪುಸ್ತಕದಲ್ಲಿ ಇಂಗ್ಲೆಂಡಿನಿಂದ ಬಂದ ಹಿರಿಯರೊಬ್ಬರು ಊಟವನ್ನು ಮೆಚ್ಚಿ, ಫೋಟೋಗಳು ‘ಎ ಬಿಟ್ ಆರ್ಟಿ’ (a bit arty) ಎಂದು ಬರೆದಿದ್ದಾರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಯುವತಿಯೊಬ್ಬರು ನಮ್ಮ ಮನೆಯನ್ನೇ ‘ಲವ್ಲಿ ಆರ್ಟ್ಸಿ ಪ್ಲೇಸ್’ (lovely artsy place) ಎಂದು ಬರೆದಿದ್ದಾರೆ. ಇದನ್ನು ಓದಿದ ನನ್ನ ಮಗಳು ಪ್ಲಸ್ ಟು ತರಗತಿಯ ಪ್ರಬಂಧದಲ್ಲಿ ಯಕ್ಷಗಾನವನ್ನು ‘ಆರ್ಟಿ ಫಾರ್ಮ್’ ಎಂದು ಬರೆದಳು; ಅಧ್ಯಾಪಕಿ ಅದಕ್ಕೆ ಕೆಂಪು ಗೆರೆ ಎಳೆದಿದ್ದಾರೆ. ನಿಘಂಟಿನಲ್ಲಿ ‘ಕಲಾತ್ಮಕ’ ಎಂಬ ಅರ್ಥ ಸಿಕ್ಕಿದ್ದರಿಂದ ತಪ್ಪೇನೆಂದು ಅವಳಿಗೆ ತಿಳಿಯುತ್ತಿಲ್ಲ. ನಾವು ಹೊಸದಾಗಿ ಅಚ್ಚು ಹಾಕಿಸಲಿರುವ ಇಂಗ್ಲಿಷ್ ಕರಪತ್ರದಲ್ಲಿ ಈ ಪದವನ್ನು ಬಳಸಬಹುದೇ? ದಯವಿಟ್ಟು ವಿವರಿಸಿ.

ಉತ್ತರ: ಮೊದಲು ನಿಮಗೆ ಬೇಕಾದ ನಿರ್ಣಯವನ್ನೇ ಹೇಳುತ್ತೇನೆ. ಇಂಗ್ಲೆಂಡಿನ ಹಿರಿಯರು ಬರೆದದ್ದು ಮೃದುವಾದ ಆಕ್ಷೇಪ. ಬೆಂಗಳೂರಿನ ಯುವತಿ ಬರೆದದ್ದು ಮನಃಪೂರ್ವಕವಾದ ಮೆಚ್ಚುಗೆ. ಅಧ್ಯಾಪಕಿ ಎಳೆದ ಗೆರೆ ಸರಿಯಾಗಿದೆ. ಕರಪತ್ರದಲ್ಲಿ ಈ ಪದವನ್ನು ನೀವಾಗಿ ಬರೆಯಬೇಡಿ. ಒಂದೇ ಮೂಲದ ಪದ ಎರಡು ಕೈಗಳಲ್ಲಿ ಎರಡು ದಿಕ್ಕಿಗೆ ತಿರುಗಿದ್ದು ಹೇಗೆ, ಯಕ್ಷಗಾನಕ್ಕೆ ಅದು ಏಕೆ ಹೊಂದುವುದಿಲ್ಲ ಎಂಬುದು ವಿವರವಾದ ಉತ್ತರವನ್ನು ಬೇಡುವ ವಿಷಯ.

ನಿಮ್ಮ ಮಗಳು ನಿಘಂಟಿನಲ್ಲಿ ಕಂಡ ‘ಕಲಾತ್ಮಕ’ ಎಂಬ ಅರ್ಥ ಪೂರ್ತಿ ತಪ್ಪಲ್ಲ, ಆದರೆ ಅದು ಅರ್ಧ ದಾರಿಗೆ ಕರೆದೊಯ್ದು ಕೈಬಿಡುತ್ತದೆ. ಕನ್ನಡದಲ್ಲಿ ‘ಕಲಾತ್ಮಕ’ ಎನ್ನುವುದು ಗೌರವದ ಮಾತು. ಒಂದು ಕೆತ್ತನೆಯನ್ನೋ ರಂಗೋಲಿಯನ್ನೋ ಹಾಗೆಂದರೆ ಅದರೊಳಗೆ ಕಲೆಯ ಗುಣ ಇದೆ ಎಂದು ಒಪ್ಪಿದಂತಾಯಿತು. ಇಂಗ್ಲಿಷಿನಲ್ಲಿ ಈ ಕೆಲಸವನ್ನು ಮಾಡುವುದು ‘ಆರ್ಟಿಸ್ಟಿಕ್’ ಎಂಬ ಪದ. ‘ಆರ್ಟಿ’ ಮಾತನಾಡುವುದು ಕಲೆಯ ಗುಣದ ಬಗ್ಗೆ ಅಲ್ಲ, ಕಲೆಯ ತೋರಿಕೆಯ ಬಗ್ಗೆ. ಎದುರಿಗಿರುವ ವಸ್ತು ತಾನು ಕಲೆಯೆಂದು ಗುರುತಿಸಲ್ಪಡಬೇಕೆಂಬ ಆಸೆಯನ್ನು ಮೈಮೇಲೆ ಧರಿಸಿಕೊಂಡಿದೆ ಎಂದು ಆಡುವವನಿಗೆ ಅನ್ನಿಸಿದಾಗ ಈ ಪದ ಬರುತ್ತದೆ. ಆ ಆಸೆ ಅವನಿಗೆ ಹಿತವೆನಿಸಿದರೆ ಪದ ಮೆಚ್ಚುಗೆಯಾಗುತ್ತದೆ. ಅತಿಯೆನಿಸಿದರೆ, ಅಥವಾ ತೋರಿಕೆಗೆ ತಕ್ಕ ತಿರುಳು ಒಳಗಿಲ್ಲವೆನಿಸಿದರೆ, ಟೀಕೆಯಾಗುತ್ತದೆ. ಇಂಗ್ಲಿಷ್ ಕಲಿಯುವವರಿಗಾಗಿ ಸಿದ್ಧಪಡಿಸಿದ ನಿಘಂಟುಗಳು ಈ ಪದದ ಮುಂದೆ ‘ಅನೌಪಚಾರಿಕ’, ‘ಸಾಮಾನ್ಯವಾಗಿ ಅಸಮ್ಮತಿಸೂಚಕ’ ಎಂಬ ಸೂಚನೆಗಳನ್ನು ಕೊಟ್ಟಿರುವುದು ಇದೇ ಕಾರಣಕ್ಕೆ. ಅರ್ಥದಷ್ಟೇ ಶ್ರದ್ಧೆಯಿಂದ ಆ ಸೂಚನೆಗಳನ್ನೂ ಓದುವ ಅಭ್ಯಾಸವನ್ನು ನಮ್ಮ ಮಕ್ಕಳಿಗೆ ಮಾಡಿಸಬೇಕು.

ಪದದ ರಚನೆಯಲ್ಲೇ ಇದರ ಸುಳಿವಿದೆ. ‘ಆರ್ಟ್’ ಎಂಬ ನಾಮಪದದ ಕೊನೆಗೆ ‘ಇ’ ಎಂದು ಉಚ್ಚರಿಸುವ ಒಂದು ಪ್ರತ್ಯಯ ಸೇರಿ ಈ ವಿಶೇಷಣ ಆಗಿದೆ. ಮಳೆ, ಧೂಳು, ಉಪ್ಪು ಮುಂತಾದ ಭೌತಿಕ ವಸ್ತುಗಳ ಹೆಸರಿಗೆ ಇದೇ ಪ್ರತ್ಯಯ ಸೇರಿ ‘ರೈನಿ’, ‘ಡಸ್ಟಿ’, ‘ಸಾಲ್ಟಿ’ ಎಂದಾದಾಗ ಅದರಲ್ಲಿ ಯಾವ ಮನೋಭಾವವೂ ಇಲ್ಲ. ಆ ವಸ್ತು ಅಲ್ಲಿ ಹೇರಳವಾಗಿದೆ ಎಂದಷ್ಟೇ ಅರ್ಥ. ಆದರೆ ಮನುಷ್ಯನ ನಡೆನುಡಿಗೆ ಸಂಬಂಧಿಸಿದ ಮಾತಿಗೆ ಸೇರಿದಾಗ ಅದು ಹಲವು ಸಲ ‘ಇರಬೇಕಾದುದಕ್ಕಿಂತ ಹೆಚ್ಚು’ ಎಂಬ ದನಿಯನ್ನು ತರುತ್ತದೆ. ಉಪದೇಶ ಅತಿಯಾದರೆ ‘ಪ್ರೀಚಿ’, ಮಾತು ಅತಿಯಾದರೆ ‘ವರ್ಡಿ’, ನಿಜಜೀವನದಲ್ಲಿ ರಂಗಸ್ಥಳದ ಹಾವಭಾವ ಕಂಡರೆ ‘ಸ್ಟೇಜಿ’, ಪ್ರದರ್ಶನದ ಚಪಲ ಕಂಡರೆ ‘ಶೋಯಿ’. ‘ಆರ್ಟಿ’ ಈ ಬಳಗದ ಪದ. ‘ಆರ್ಟ್ಸಿ’ಯಲ್ಲಿ ನಡುವೆ ಒಂದು ‘ಸ್’ ಕೂಡ ಸೇರಿದೆ; ‘ಫೋಕ್ಸಿ’, ‘ಕ್ಯೂಟ್ಸಿ’ ಎಂಬ ಪದಗಳಲ್ಲಿಯೂ ಇದೇ ಅಂತ್ಯ ಕಾಣುತ್ತದೆ. ಹಳ್ಳಿಯ ಸರಳತೆಯನ್ನು ಬೇಕೆಂದೇ ನಟಿಸುವವರನ್ನು ‘ಫೋಕ್ಸಿ’ ಎನ್ನುವುದುಂಟು, ಸಹಜವಾದ ಆತ್ಮೀಯತೆಯನ್ನು ಮೆಚ್ಚಿ ‘ಫೋಕ್ಸಿ’ ಎನ್ನುವುದೂ ಉಂಟು. ಈ ಅಂತ್ಯ ಸೇರಿದ ಮಾತಿಗೆ ಸಲಿಗೆ, ಆಟದ ಗುಣ, ತುಸು ಹಗುರ ಮಾಡುವ ಸ್ವಭಾವ ಒಟ್ಟಿಗೇ ಬರುತ್ತವೆ.

ಇಂಥ ಪದವೊಂದು ಇಂಗ್ಲಿಷಿಗೆ ಬೇಕಾದ ಕಾಲಸಂದರ್ಭವನ್ನು ತಿಳಿದರೆ ಅದರ ಸ್ವಭಾವ ಇನ್ನಷ್ಟು ಸ್ಪಷ್ಟವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಿಂದ ಒಂದೇ ಅಚ್ಚಿನ ಸಾಮಾನುಗಳು ರಾಶಿರಾಶಿಯಾಗಿ ಹೊರಬರುತ್ತಿದ್ದಾಗ, ಕೈಕೆಲಸದ ಘನತೆಯನ್ನು ಮರಳಿ ತರಬೇಕು, ದಿನಬಳಕೆಯ ಕುರ್ಚಿ ಪರದೆಗಳಲ್ಲಿಯೂ ಸೌಂದರ್ಯ ಇರಬೇಕು ಎಂದು ವಿನ್ಯಾಸಕಾರ, ಲೇಖಕ ವಿಲಿಯಂ ಮೋರಿಸ್ (1834–1896) ಮತ್ತು ಅವರ ಸಂಗಡಿಗರು ವಾದಿಸಿದರು, ಹಾಗೆಯೇ ದುಡಿದರು. 1887ರಲ್ಲಿ ಲಂಡನ್ನಿನಲ್ಲಿ ‘ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಎಕ್ಸಿಬಿಷನ್ ಸೊಸೈಟಿ’ ಸ್ಥಾಪನೆಯಾಗಿ 1888ರಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ಆಶಯ ಬಹಳ ದೊಡ್ಡದು. ಆದರೆ ಕೈಯಿಂದ ಮಾಡಿದ ವಸ್ತುವಿನ ಬೆಲೆ ಹೆಚ್ಚಾದ ಕಾರಣ ಅವು ಸೇರಿದ್ದು ಬಹುಮಟ್ಟಿಗೆ ಅನುಕೂಲಸ್ಥರ ಮನೆಗಳನ್ನು. ಅದೇ ಕಾಲದಲ್ಲಿ ನವಿಲುಗರಿ, ನೀಲಿ ಪಿಂಗಾಣಿ, ಸೂರ್ಯಕಾಂತಿ ಹೂವುಗಳ ನಡುವೆ ಬದುಕನ್ನೇ ಕಲೆಯಾಗಿಸುವ ಮಾತನಾಡುತ್ತಿದ್ದ ಸೌಂದರ್ಯಪಂಥದವರೂ ಇದ್ದರು. ತರುಣ ಲೇಖಕ ಆಸ್ಕರ್ ವೈಲ್ಡ್ ಅವರ ನಡುವೆ ಎದ್ದು ಕಾಣುತ್ತಿದ್ದ ವ್ಯಕ್ತಿ. ‘ಪಂಚ್’ ಎಂಬ ಹಾಸ್ಯಪತ್ರಿಕೆಯಲ್ಲಿ ಜಾರ್ಜ್ ಡು ಮೋರಿಯೆ ಬರೆದ ವ್ಯಂಗ್ಯಚಿತ್ರಗಳು ಇವರ ಉಡುಗೆಯನ್ನೂ ಹಾವಭಾವವನ್ನೂ ವರ್ಷಗಟ್ಟಲೆ ಗೇಲಿ ಮಾಡಿದವು. ಗೇಲಿ ಮೊದಲೇ ಸಿದ್ಧವಾಗಿತ್ತು, ಪದ ಅದರ ಹಿಂದೆ ಬಂತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ‘ಆರ್ಟಿ’ ಎಂಬುದೂ ಅದರ ಜೊತೆಗೆ ‘ಆರ್ಟಿ-ಕ್ರಾಫ್ಟಿ’, ‘ಆರ್ಟ್ಸಿ-ಕ್ರಾಫ್ಟ್ಸಿ’ ಎಂಬ ಜೋಡಿಗಳೂ ಬರಹದಲ್ಲಿ ಕಾಣಿಸಿಕೊಂಡವು. ಮೋರಿಸ್ ಅವರ ಶ್ರಮಕ್ಕೆ ಈ ಗೇಲಿ ನ್ಯಾಯ ಮಾಡಿದೆ ಎಂದು ನಾನು ಭಾವಿಸುವುದಿಲ್ಲ. ಆದರೆ ಪದದ ಒಳಗೆ ಕುಳಿತ ಅನುಮಾನ ಆ ಕಾಲದ್ದು. ಕಲೆಯನ್ನು ಪ್ರೀತಿಸುವವರು ಯಾರು, ಕಲಾಪ್ರಿಯರಂತೆ ಕಾಣಬಯಸುವವರು ಯಾರು ಎಂಬ ಅನುಮಾನ ಅದು.

ಮುಂದೆ ಆ ಜೋಡಿಪದಕ್ಕಿಂತ ಒರಟಾದ ಇನ್ನೊಂದು ಜೋಡಿ ಹುಟ್ಟಿತು. ಬ್ರಿಟನ್ನಿನಲ್ಲಿ ‘ಆರ್ಟಿ-ಫಾರ್ಟಿ’, ಅಮೆರಿಕದಲ್ಲಿ ‘ಆರ್ಟ್ಸಿ-ಫಾರ್ಟ್ಸಿ’. ಎರಡನೆಯ ಭಾಗ ಅಪಾನವಾಯುವಿಗೆ ಇಂಗ್ಲಿಷಿನಲ್ಲಿರುವ ಗ್ರಾಮ್ಯ ಪದದಿಂದ ಬಂದದ್ದು. ಪ್ರಾಸಕ್ಕಾಗಿ ಸೇರಿಸಿ, ಮೊದಲನೆಯ ಭಾಗದ ಘನತೆಯನ್ನು ಪೂರ್ತಿಯಾಗಿ ಇಳಿಸಲಾಗಿದೆ. ಇದು ತಿರಸ್ಕಾರದ ಮಾತು. ಗೆಳೆಯರ ನಡುವೆ ನಗುತ್ತ ಆಡುತ್ತಾರೆ, ಅಪರಿಚಿತರ ಎದುರು ಆಡಿದರೆ ಅವಮಾನ. ಅತಿಥಿಯೊಬ್ಬರು ಎಂದಾದರೂ ಹೀಗೆ ಬರೆದರೆ ಸಂದೇಹಕ್ಕೆ ಎಡೆಯೇ ಇರುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಸಮೀಪವಾದ ರಚನೆ ನಿಮ್ಮ ನಾಲಿಗೆಯ ಮೇಲೆಯೇ ಇದೆ: ‘ಈ ಕಲೆಗಿಲೆ ಎಲ್ಲ ನಮಗೆ ಬೇಡ’ ಎನ್ನುವಾಗ ಆ ‘ಗಿಲೆ’ ಯಾವ ಅರ್ಥವನ್ನೂ ಸೇರಿಸದೆ ‘ಕಲೆ’ಯ ತೂಕವನ್ನು ಇಳಿಸಿಬಿಡುತ್ತದೆ. ನಮ್ಮ ಭಾಷೆ ಒರಟು ಪದದ ನೆರವಿಲ್ಲದೆ, ಬರಿಯ ಪ್ರತಿಧ್ವನಿಯಿಂದ ಆ ಕೆಲಸ ಮುಗಿಸುತ್ತದೆ.

ಈಗ ನಿಮ್ಮ ಇಬ್ಬರು ಅತಿಥಿಗಳ ವ್ಯತ್ಯಾಸಕ್ಕೆ ಬರೋಣ. ಬ್ರಿಟಿಷರು ಹೆಚ್ಚಾಗಿ ‘ಆರ್ಟಿ’ ಎನ್ನುತ್ತಾರೆ, ಅಮೆರಿಕನ್ನರು ಹೆಚ್ಚಾಗಿ ‘ಆರ್ಟ್ಸಿ’ ಎನ್ನುತ್ತಾರೆ. ಎರಡೂ ಎರಡು ಕಡೆಯೂ ಕೇಳಿಬರುತ್ತವೆ, ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳು ಎರಡನ್ನೂ ಬೆರೆಸಿ ಬಳಸುತ್ತವೆ. ಈ ಭೂಗೋಳಕ್ಕಿಂತ ಮುಖ್ಯವಾದದ್ದು ತಲೆಮಾರು ಮತ್ತು ವಸ್ತು. ಕಾಫಿ ಅಂಗಡಿ, ಬಟ್ಟೆ, ಬೀದಿ, ಕೋಣೆ, ಊರಿನ ಒಂದು ಬಡಾವಣೆ ಮೊದಲಾದ ವಾತಾವರಣದ ಸಂಗತಿಗಳ ಬಗ್ಗೆ ಇಂದಿನ ತರುಣರು ‘ಆರ್ಟ್ಸಿ’ ಎಂದರೆ ಅದು ಬಹುತೇಕ ಪ್ರಶಂಸೆಯೇ. ನಮ್ಮದೇ ಕೇರಳ ರಾಜ್ಯದ ಫೋರ್ಟ್ ಕೊಚ್ಚಿಯನ್ನು ನೋಡಿ. 2012ರಲ್ಲಿ ಕೊಚ್ಚಿ-ಮುಜಿರಿಸ್ ಬಿನಾಲೆ ಎಂಬ ಕಲಾಪ್ರದರ್ಶನ ಆರಂಭವಾದ ಮೇಲೆ ಹಳೆಯ ಗೋದಾಮುಗಳೂ ಗೋಡೆಗಳೂ ಕಲೆಯ ತಾಣಗಳಾದವು. ಪ್ರವಾಸದ ಬರಹಗಳು ಆ ಪ್ರದೇಶವನ್ನು ‘ಆರ್ಟ್ಸಿ’ ಎಂದು ಕರೆದಾಗ, ಅಲ್ಲಿಗೆ ಹೋದರೆ ಕಣ್ಣಿಗೆ ಹಬ್ಬ ಎಂದೇ ಅರ್ಥ. ಒಂದು ಕೋಣೆಯೋ ಬೀದಿಯೋ ಕಲೆಯ ಉಡುಗೆ ತೊಟ್ಟಿದ್ದರೆ ಯಾರಿಗೂ ನಷ್ಟವಿಲ್ಲ, ಏಕೆಂದರೆ ಕೋಣೆಯ ಕೆಲಸವೇ ಕಣ್ಣಿಗೆ ಹಿತವಾಗಿರುವುದು. ಯುವತಿ ನಿಮ್ಮ ಮನೆಯನ್ನು ಹೊಗಳಿದ್ದು ಈ ಅರ್ಥದಲ್ಲಿ. ಪಕ್ಕದಲ್ಲಿ ‘ಲವ್ಲಿ’ ಇದೆ ಎಂಬುದು ಅದನ್ನು ಖಚಿತಪಡಿಸುತ್ತದೆ.

ಚಿತ್ರ, ಛಾಯಾಚಿತ್ರ, ಸಿನಿಮಾ, ನಾಟಕ, ಕಾದಂಬರಿಗಳಂಥ ಕೃತಿಗಳ ವಿಷಯಕ್ಕೆ ಬಂದಾಗ ಲೆಕ್ಕ ತಿರುಗುತ್ತದೆ. ಕೃತಿಯೊಂದು ಕಲೆಯಾಗಿಯೇ ಇರಬೇಕು. ಕಲೆಯಂತೆ ಕಾಣುತ್ತಿದೆ ಎಂದು ಹೇಳಬೇಕಾಗಿ ಬಂದರೆ ಎಲ್ಲಿಯೋ ಕೊರತೆ ಕಂಡಿದೆ ಎಂದರ್ಥ. ಅದರ ಜೊತೆ ಬರುವ ಅಳತೆಯ ಮಾತುಗಳನ್ನು ಗಮನಿಸಿ. ‘ಎ ಬಿಟ್’ ಎಂದರೆ ನಿಘಂಟಿನ ಪ್ರಕಾರ ‘ಸ್ವಲ್ಪ’. ಆದರೆ ಹೊಗಳುವ ಪದದ ಮೊದಲು ಬ್ರಿಟಿಷರು ಅದನ್ನು ಸಾಮಾನ್ಯವಾಗಿ ಇಡುವುದಿಲ್ಲ. ‘ಸ್ವಲ್ಪ ಸುಂದರ’ ಎಂದು ನಾವೂ ಹೇಳುವುದಿಲ್ಲವಷ್ಟೆ. ‘ಸ್ವಲ್ಪ ಉಪ್ಪು ಜಾಸ್ತಿ’, ‘ಸ್ವಲ್ಪ ಉದ್ದವಾಯಿತು’ ಎನ್ನುವಂತೆ, ಕುಂದನ್ನು ಹೇಳುವಾಗ ಅದರ ಮೊನೆಯನ್ನು ಮೊಂಡು ಮಾಡುವುದಕ್ಕೆ ಬರುವ ಸೌಜನ್ಯದ ಮಾತು ಅದು. ‘ಟೂ ಆರ್ಟಿ’ ಎಂದಿದ್ದರೆ ಆಕ್ಷೇಪ ತೀವ್ರವಾಗುತ್ತಿತ್ತು. ‘ಆರ್ಟಿ ಇನ್ ಎ ಗುಡ್ ವೇ’ ಎಂದಿದ್ದರೆ ಮೆಚ್ಚುಗೆಯಾಗುತ್ತಿತ್ತು. ಆದರೆ ‘ಒಳ್ಳೆಯ ರೀತಿಯಲ್ಲಿ’ ಎಂದು ಬಿಡಿಸಿ ಹೇಳಬೇಕಾದ ಅಗತ್ಯವೇ, ಆ ಪದ ತಾನಾಗಿ ಯಾವ ಕಡೆಗೆ ಓಲುತ್ತದೆ ಎಂಬುದನ್ನು ತಿಳಿಸುತ್ತದೆ.

ಸಿನಿಮಾದ ಉದಾಹರಣೆಯಿಂದ ಇದು ಕಾಸರಗೋಡಿನವರಿಗೆ ಬೇಗನೆ ಮನದಟ್ಟಾಗುತ್ತದೆ. ಮಲಯಾಳದ ನೆರೆಯಲ್ಲಿ ಬಾಳುವ ನಮಗೆ ‘ಅವಾರ್ಡ್ ಪಡಂ’ ಎಂಬ ಮಾತು ಚೆನ್ನಾಗಿ ಗೊತ್ತು. ಪ್ರಶಸ್ತಿ ಪಡೆದ ಚಿತ್ರ ಎಂಬುದು ಅದರ ಮೇಲಿನ ಅರ್ಥ. ಮಾತು ಕಡಿಮೆ, ನಡಿಗೆ ನಿಧಾನ, ಒಬ್ಬ ಮನುಷ್ಯ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತಿರುತ್ತಾನೆ, ಅರ್ಥವಾಗದಿದ್ದರೂ ಅರ್ಥವಾದಂತೆ ಕೂರಬೇಕು ಎಂಬುದು ಅದನ್ನು ಆಡುವವರ ಧ್ವನಿ. ಇಂಗ್ಲಿಷಿನಲ್ಲಿ ‘ಆನ್ ಆರ್ಟಿ ಫಿಲ್ಮ್’ ಎಂದಾಗ ಸೂಚಿತವಾಗುವುದು ಬಹುಮಟ್ಟಿಗೆ ಇದೇ. ಆದರೆ ‘ಆರ್ಟ್ ಫಿಲ್ಮ್’, ‘ಆರ್ಟ್ ಹೌಸ್ ಸಿನಿಮಾ’ ಎಂಬುವು ಬೇರೆ. ಅವು ಚಿತ್ರದ ವರ್ಗವನ್ನು ಹೇಳುತ್ತವೆಯೇ ಹೊರತು ತೀರ್ಪು ಕೊಡುವುದಿಲ್ಲ. ಕನ್ನಡದಲ್ಲಿ 1970ರ ದಶಕದ ಹೊಸ ಅಲೆಯ ಚಿತ್ರಗಳನ್ನು ‘ಕಲಾತ್ಮಕ ಚಿತ್ರ’ ಎಂದು ಕರೆದದ್ದು ಈ ವರ್ಗಸೂಚಕ ಅರ್ಥದಲ್ಲಿ. ‘ಕಲಾತ್ಮಕ ಚಿತ್ರ’ವನ್ನು ಇಂಗ್ಲಿಷಿಗೆ ತರುವಾಗ ‘ಆರ್ಟಿ ಫಿಲ್ಮ್’ ಎಂದು ಬರೆದರೆ, ಗೌರವದಿಂದ ಹೇಳಿದ ಮಾತು ಓದುಗನನ್ನು ತಲುಪುವ ಹೊತ್ತಿಗೆ ಹಗುರಾಗಿರುತ್ತದೆ. ನಮ್ಮ ಗಡಿನಾಡಿನ ಉಪನ್ಯಾಸಗಳ ಇಂಗ್ಲಿಷ್ ವರದಿಗಳಲ್ಲಿ ಈ ಎಡವಟ್ಟು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ವ್ಯಕ್ತಿಗಳ ಬಗ್ಗೆ ಈ ಪದ ಬಂದಾಗ ಇನ್ನೊಂದು ಛಾಯೆಯಿದೆ. ‘ಶೀ ಈಸ್ ಆರ್ಟಿಸ್ಟಿಕ್’ ಎಂದರೆ ಅವಳ ಕೈಯಲ್ಲಿ ಕಲೆಯಿದೆ. ‘ಶೀ ಈಸ್ ಆರ್ಟಿ’ ಎಂದರೆ ಅವಳಿಗೆ ಕಲೆಯಲ್ಲಿ ಒಲವಿದೆ, ಉಡುಗೆತೊಡುಗೆಯಲ್ಲಿ ಅದು ಕಾಣುತ್ತದೆ ಎಂದಷ್ಟೇ. ಬ್ರಿಟನ್ನಿನಲ್ಲಿ ಶಾಲಾಮಕ್ಕಳ ಬಗ್ಗೆ, ‘ಇವನಿಗೆ ಗಣಿತಕ್ಕಿಂತ ಚಿತ್ರ, ಸಂಗೀತ ಇಷ್ಟ’ ಎಂಬ ಅರ್ಥದಲ್ಲಿ ತಾಯಿತಂದೆಯರು ಪ್ರೀತಿಯಿಂದಲೇ ಹೀಗೆ ಹೇಳುವುದುಂಟು. ಆದರೆ ‘ಆರ್ಟಿ ಟೈಪ್’ ಎಂದಾಗ ಚಿತ್ರ ಬೇರೆ: ಜುಬ್ಬಾ, ಹೆಗಲಿಗೆ ಬಟ್ಟೆಯ ಚೀಲ, ಕೆದರಿದ ಗಡ್ಡ, ಮಾತುಮಾತಿಗೆ ದೊಡ್ಡ ಹೆಸರುಗಳು. ಕೇರಳದಲ್ಲಿ ‘ಬುಜಿ’ (ಬುದ್ಧಿಜೀವಿ) ಎಂದು ಕರೆಯುವವರ ಚಿತ್ರಣಕ್ಕೆ ಇದು ಹತ್ತಿರ, ಆದರೆ ಒಂದೇ ಅಲ್ಲ. ‘ಬುಜಿ’ಯಲ್ಲಿ ವಿಚಾರದ ಆಡಂಬರ ಮುಖ್ಯ, ‘ಆರ್ಟಿ’ಯಲ್ಲಿ ಅಭಿರುಚಿಯ ಆಡಂಬರ.

ನಿಮ್ಮ ತಮ್ಮನ ಫೋಟೋಗಳನ್ನು ನಾನು ಕಂಡಿಲ್ಲ. ಆದರೆ ಛಾಯಾಚಿತ್ರಗಳ ವಿಷಯದಲ್ಲಿ ಈ ಪದ ಯಾವಾಗ ಬರುತ್ತದೆ ಎಂಬುದನ್ನು ಹೇಳಬಲ್ಲೆ. ಮುಖದ ಅರ್ಧ ಕತ್ತಲಲ್ಲಿ ಮುಳುಗಿದ್ದು ಕಿರೀಟದ ಅಂಚು ಮಾತ್ರ ಬೆಳಗುತ್ತಿರುವುದು. ಧೀಂಗಿಣ ತೆಗೆಯುವ, ಅಂದರೆ ಗಿರ್ರನೆ ಸುತ್ತಿ ಕುಣಿಯುವ, ವೇಷಧಾರಿ ಬರಿಯ ಬೆಳಕಿನ ಸುಳಿಯಾಗಿ ಕಾಣುವುದು. ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಕನ್ನಡಿಯ ಒಡಕಿನಲ್ಲಿ ಒಂದು ಕಣ್ಣು. ಬಣ್ಣವನ್ನೇ ತೆಗೆದುಹಾಕಿದ ಬಣ್ಣದ ವೇಷ (ರಾಕ್ಷಸ ಪಾತ್ರದ ವೇಷ). ಇಂಥ ಫೋಟೋಗಳು ನಮಗೆ ಇಷ್ಟವಾಗುವುದಕ್ಕೆ ಕಾರಣವಿದೆ. ಆ ವೇಷ ಪೂರ್ತಿಯಾಗಿ ಹೇಗಿರುತ್ತದೆಂದು ನಮಗೆ ಬಾಲ್ಯದಿಂದ ಗೊತ್ತು, ಆದುದರಿಂದ ಬಿಟ್ಟುಹೋದದ್ದನ್ನು ಮನಸ್ಸು ತುಂಬಿಕೊಳ್ಳುತ್ತದೆ. ಮೊದಲ ಸಲ ಯಕ್ಷಗಾನದ ಹೆಸರು ಕೇಳಿದ ಪರದೇಶದ ಹಿರಿಯರಿಗೆ ಆ ಅನುಕೂಲವಿಲ್ಲ. ಅವರು ವೇಷವನ್ನು ನೋಡಬಯಸಿದರು, ಛಾಯಾಗ್ರಾಹಕನ ಕೌಶಲ ಅವರ ಮತ್ತು ವೇಷದ ನಡುವೆ ನಿಂತಿತು. ‘ಎ ಬಿಟ್ ಆರ್ಟಿ’ ಎಂಬ ಮಾತಿನಲ್ಲಿ ‘ಫೋಟೋ ಕೆಟ್ಟದಾಗಿದೆ’ ಎಂಬ ತೀರ್ಪಿಗಿಂತ ‘ನನಗೆ ನೋಡಬೇಕಾಗಿದ್ದದ್ದು ಇದರಲ್ಲಿ ಸಿಗಲಿಲ್ಲ’ ಎಂಬ ನಿರಾಶೆ ಇರುವ ಸಾಧ್ಯತೆ ಹೆಚ್ಚು. ಆದ್ದರಿಂದ ಆ ಫೋಟೋಗಳನ್ನು ತೆಗೆಯಬೇಡಿ. ಅವುಗಳ ಬದಿಯಲ್ಲಿ ತಲೆಯಿಂದ ಗೆಜ್ಜೆಯವರೆಗೆ ಸ್ಪಷ್ಟವಾಗಿ ಕಾಣುವ, ಬಣ್ಣ ಬಿಟ್ಟುಕೊಡದ ಒಂದೆರಡು ಪಟಗಳನ್ನೂ ಇಟ್ಟು, ಇದು ಯಾವ ವೇಷ, ಯಾವ ಪ್ರಸಂಗದ ಯಾವ ಸಂದರ್ಭ ಎಂದು ಎರಡು ಸಾಲು ಬರೆದು ಹಾಕಿದರೆ ಕಪ್ಪು-ಬಿಳುಪಿನ ಪಟಗಳ ಸೊಬಗೂ ಅವರಿಗೆ ತೆರೆದುಕೊಳ್ಳುತ್ತದೆ.

ಯಕ್ಷಗಾನವನ್ನೇ ‘ಆರ್ಟಿ’ ಎನ್ನಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಸಾಧ್ಯವಿಲ್ಲ ಎಂಬುದು. ಈ ಮಾತನ್ನು ಅಭಿಮಾನದಿಂದ ಹೇಳುತ್ತಿಲ್ಲ; ಪದದ ಅರ್ಥವೇ ಅದನ್ನು ತಡೆಯುತ್ತದೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷದ ಮುಖದಲ್ಲಿ ಅಕ್ಕಿಯ ಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಒಂದೊಂದಾಗಿ ಇಡುವ ಚುಟ್ಟಿಯನ್ನು, ಅಂದರೆ ಮುಳ್ಳಿನಂಥ ಉಬ್ಬು ಚುಕ್ಕೆಗಳನ್ನು, ನೆನಪಿಸಿಕೊಳ್ಳಿ. ಗಂಟೆಗಟ್ಟಲೆ ಕುಳಿತು ಅದನ್ನು ಇಡುವವರ ಉದ್ದೇಶ, ನೋಡುವವರು ಇದನ್ನು ಕಲೆಯೆಂದು ಮೆಚ್ಚಲಿ ಎಂಬುದಲ್ಲ. ದೀಪದ ಬೆಳಕಿನಲ್ಲಿ, ದೂರದಲ್ಲಿ ಕುಳಿತವನ ಕಣ್ಣಿಗೂ ಆ ಮುಖ ಮನುಷ್ಯನದಲ್ಲ, ರಾಕ್ಷಸನದು ಎಂದು ಕಾಣಬೇಕು ಎಂಬುದು. ಅಲಂಕಾರವೆಲ್ಲ ಅಲ್ಲಿ ಕೆಲಸ ಮಾಡುತ್ತಿದೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಾವು ಹಾಡಿಕೊಂಡು ಬಂದಿರುವ ರಾಮಾಯಣದ ಪ್ರಸಂಗಗಳಲ್ಲಿಯೂ ಕವಿ ತನ್ನ ಕವಿತ್ವವನ್ನು ಎತ್ತಿ ತೋರಿಸುವುದಿಲ್ಲ, ಪದ್ಯ ಕಥೆಯನ್ನೂ ಕುಣಿತವನ್ನೂ ಮುಂದಕ್ಕೆ ಒಯ್ಯುತ್ತದೆ. ತೋರಿಕೆಗೂ ತಿರುಳಿಗೂ ನಡುವೆ ಬಿರುಕು ಇಲ್ಲದಲ್ಲಿ ‘ಆರ್ಟಿ’ ಎಂಬ ಪದಕ್ಕೆ ಕಾಲೂರಲು ಜಾಗವಿಲ್ಲ. ದೈವದ ವೇಷ ಧರಿಸಿ ಕುಣಿಯುವ ತೆಯ್ಯಂ ವಿಷಯದಲ್ಲಂತೂ ಅದನ್ನು ಆಡಲೇಬಾರದು. ಅದು ಆರಾಧನೆ, ಅದರ ಮುಂದೆ ನಿಲ್ಲುವವರು ಕೈಮುಗಿಯುತ್ತಾರೆ, ಅಂಥಲ್ಲಿ ಈ ಪದ ಭಕ್ತರ ಮನಸ್ಸನ್ನು ನೋಯಿಸುತ್ತದೆ.

ಹಾಗೆಂದು ಯಕ್ಷಗಾನದ ರಂಗದಲ್ಲಿ ಈ ದೋಷ ಎಂದೂ ಬರಲಾರದು ಎಂದಲ್ಲ. ಪ್ರಸಂಗವನ್ನು ಒಂದು ಗಂಟೆಗೆ ಕತ್ತರಿಸಿ, ನೀಲಿ ಬೆಳಕನ್ನೂ ಹೊಗೆಯನ್ನೂ ಹರಿಸಿ, ವೇಷಧಾರಿಗಳನ್ನು ಶಿಲ್ಪಗಳ ಹಾಗೆ ನಿಲ್ಲಿಸಿ, ಅರ್ಥವನ್ನು (ಪಾತ್ರಧಾರಿಗಳು ಆಡುವ ಮಾತನ್ನು) ಪಿಸುಮಾತಿಗೆ ಇಳಿಸಿದರೆ ಇಂಗ್ಲಿಷ್ ವಿಮರ್ಶಕರು ಆ ಪ್ರಯೋಗವನ್ನು ‘ಆರ್ಟಿ’ ಎನ್ನಬಹುದು. ಅದೇ ಪ್ರಯೋಗ ಚಪ್ಪಾಳೆಗಾಗಿ ಮಾಡಿದ ಕಸರತ್ತೆಂದು ಕಂಡರೆ ಅವರು ‘ಗಿಮಿಕಿ’ ಎನ್ನುತ್ತಾರೆ. ಗಾಂಭೀರ್ಯದ ಸೋಗಿಗೆ ಮೊದಲನೆಯದು, ಚಮತ್ಕಾರದ ಸೋಗಿಗೆ ಎರಡನೆಯದು. ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಅರ್ಥಧಾರಿಯೊಬ್ಬರು ಪಾತ್ರವನ್ನು ಮರೆತು ಶ್ಲೋಕಗಳ ಮೇಲೆ ಶ್ಲೋಕ ಹೇಳುತ್ತ ಹೋದಾಗ, ಹಿರಿಯ ಪ್ರೇಕ್ಷಕರು ‘ಪಾಂಡಿತ್ಯ ಪ್ರದರ್ಶನವಾಯಿತು’ ಎನ್ನುತ್ತಾರಲ್ಲ, ಆ ಆಕ್ಷೇಪದ ಹಿಂದಿರುವ ವಿವೇಕವೂ ಇದೇ ಜಾತಿಯದು. ಪಾಂಡಿತ್ಯ ಇದ್ದದ್ದು ತಪ್ಪಲ್ಲ. ಪಾತ್ರಕ್ಕೆ ಒದಗದೆ ತಾನೇ ಕಾಣಿಸಿಕೊಂಡದ್ದು ತಪ್ಪು.

ಕಲಾವಿಮರ್ಶೆಯಲ್ಲಿ ಶೈಲಿಯನ್ನೇ ವರ್ಣಿಸುವ ಗಂಭೀರ ವಿಶೇಷಣಗಳು ಬೇರೆಯೇ ಇವೆ, ಅವುಗಳ ಎದುರಿಗಿಟ್ಟು ನೋಡಿದರೆ ‘ಆರ್ಟಿ’ಯ ಮಿತಿ ಕಾಣುತ್ತದೆ. ‘ಪೇಂಟರ್ಲಿ’ ಎಂಬುದು ಅಂಥ ಒಂದು ಪದ. ಸ್ವಿಸ್ ಕಲಾಇತಿಹಾಸಕಾರ ಹೈನ್ರಿಶ್ ವೊಲ್ಫ್‌ಲಿನ್ 1915ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೆರೆಯಿಂದ ಆಕೃತಿಗಳ ಅಂಚನ್ನು ಖಚಿತವಾಗಿ ಹಿಡಿಯುವ ಚಿತ್ರಕಾರ ಡ್ಯೂರರನ ರೀತಿಯನ್ನೂ, ಅಂಚುಗಳನ್ನು ಬೆಳಕು ನೆರಳುಗಳಲ್ಲಿ ಕರಗಿಸುವ ರೆಂಬ್ರಾಂಟನ ರೀತಿಯನ್ನೂ ಎದುರುಬದುರಾಗಿ ಇಟ್ಟರು. ಎರಡನೆಯ ರೀತಿಗೆ ಅವರು ಕೊಟ್ಟ ಜರ್ಮನ್ ಪದಕ್ಕೆ ಇಂಗ್ಲಿಷಿನಲ್ಲಿ ‘ಪೇಂಟರ್ಲಿ’ ಎಂಬುದು ನೆಲೆಗೊಂಡಿತು. ಒಂದು ಚಿತ್ರ ‘ಪೇಂಟರ್ಲಿ’ ಹೌದೋ ಅಲ್ಲವೋ ಎಂದು ಇಬ್ಬರು ಚಿತ್ರದ ಮುಂದೆ ನಿಂತು ಬೆರಳಿಟ್ಟು ವಾದಿಸಬಹುದು. ‘ಆರ್ಟಿ’ಯ ಬಗ್ಗೆ ಹಾಗೆ ವಾದಿಸುವುದು ಕಷ್ಟ, ಏಕೆಂದರೆ ಅದರ ಅರ್ಧ ಚಿತ್ರದಲ್ಲಿದೆ, ಅರ್ಧ ನೋಡುವವನ ಮನೋಧರ್ಮದಲ್ಲಿದೆ. ಪರೀಕ್ಷೆಯ ಉತ್ತರ, ಪ್ರಬಂಧ, ಅರ್ಜಿ, ಸಂಶೋಧನಾ ಲೇಖನಗಳಲ್ಲಿ ಅದನ್ನು ಬಳಸದಿರುವುದಕ್ಕೆ ಅನೌಪಚಾರಿಕತೆಯಷ್ಟೇ ದೊಡ್ಡ ಕಾರಣ ಇದು.

ನಿಮ್ಮ ಮಗಳ ವಾಕ್ಯದಲ್ಲಿ ಇನ್ನೂ ಒಂದು ಸಂಗತಿ ಇದೆ. ಅವಳು ಬರೆಯಹೊರಟದ್ದು ಬಹುಶಃ ‘ಆರ್ಟ್ ಫಾರ್ಮ್’, ಅಂದರೆ ಕಲಾಪ್ರಕಾರ. ಇಂಗ್ಲಿಷಿನಲ್ಲಿ ಒಂದು ನಾಮಪದ ರೂಪ ಬದಲಿಸದೆಯೇ ಇನ್ನೊಂದು ನಾಮಪದದ ಮೊದಲು ನಿಂತು ಅದನ್ನು ವಿಶೇಷಿಸಬಲ್ಲುದು. ಅಲ್ಲಿ ಅದನ್ನು ವಿಶೇಷಣವಾಗಿ ಮಾರ್ಪಡಿಸಿದರೆ ಅರ್ಥವೇ ಬದಲಾಗುತ್ತದೆ. ಕನ್ನಡದಲ್ಲಿ ‘ಕಲೆ’ ಸಮಾಸದಲ್ಲಿ ‘ಕಲಾ’ ಆಗುವುದರಿಂದ, ಇಂಗ್ಲಿಷಿನಲ್ಲಿಯೂ ಏನೋ ಒಂದು ಬದಲಾವಣೆ ಬೇಕೆಂದು ಮಕ್ಕಳಿಗೆ ಅನ್ನಿಸುವುದು ಸಹಜ. ‘ಆರ್ಟ್ ಫಾರ್ಮ್’ ಎಂದು ಬರೆದರೆ ಯಕ್ಷಗಾನ ಕಲೆಗಳಲ್ಲಿ ಒಂದು ಎಂದಾಗುತ್ತದೆ. ‘ಆರ್ಟಿಸ್ಟಿಕ್’ ಎಂದರೆ ಅದರಲ್ಲಿ ಕಲಾಗುಣವಿದೆ ಎಂದಾಗುತ್ತದೆ. ‘ಆರ್ಟ್‌ಫುಲ್’ ಎಂಬ ಇನ್ನೊಂದು ಸೋದರ ಪದವೂ ಇದೆ, ಅದರಲ್ಲಿ ನಯವಾದ ಜಾಣತನದ, ಕೆಲವೊಮ್ಮೆ ಮೋಸದ ಛಾಯೆ ಸೇರಿಕೊಂಡಿರುವುದರಿಂದ ಅದನ್ನೂ ಎಚ್ಚರದಿಂದ ಮುಟ್ಟಬೇಕು. ಅವಳಿಗೆ ‘ಆರ್ಟಿ’ಯ ವ್ಯಾಕರಣವೂ ತಿಳಿದಿರಲಿ: ನಾಮಪದದ ಮೊದಲೂ ಬರುತ್ತದೆ, ಕ್ರಿಯಾಪದದ ಬಳಿಕವೂ ಬರುತ್ತದೆ, ತರತಮ ರೂಪಗಳು ‘ಆರ್ಟಿಯರ್’, ‘ಆರ್ಟಿಯೆಸ್ಟ್’, ಭಾವನಾಮ ‘ಆರ್ಟಿನೆಸ್’.

ಇನ್ನು ಕರಪತ್ರ. ಅತಿಥಿಯೊಬ್ಬರು ನಿಮ್ಮ ಮನೆಯನ್ನು ‘ಆರ್ಟ್ಸಿ’ ಎಂದು ಮೆಚ್ಚಿದ್ದನ್ನು, ಅವರ ಒಪ್ಪಿಗೆ ಪಡೆದು, ಉದ್ಧರಣ ಚಿಹ್ನೆಯೊಳಗೆ ಅವರ ಮಾತಾಗಿಯೇ ಅಚ್ಚು ಹಾಕಬಹುದು. ಆ ಸಲಿಗೆಯ ಧ್ವನಿ ತರುಣ ಪ್ರವಾಸಿಗರಿಗೆ ಹಿಡಿಸೀತು. ಆದರೆ ಮನೆಯವರೇ ತಮ್ಮ ಮನೆಯನ್ನು ಹಾಗೆ ಕರೆದುಕೊಂಡರೆ, ತೋರಿಕೆಯನ್ನು ತಾವೇ ಸಾರಿದಂತೆ ಆಗುತ್ತದೆ. ಫೋಟೋಗಳ ಬಗ್ಗೆ ‘ಯಕ್ಷಗಾನದ ಕಪ್ಪು-ಬಿಳುಪು ಛಾಯಾಚಿತ್ರಗಳು’ ಎಂಬುದನ್ನು ವಿಶೇಷಣವಿಲ್ಲದೆ ಇಂಗ್ಲಿಷಿನಲ್ಲಿ ಬರೆಯಿರಿ. ಯಕ್ಷಗಾನವನ್ನು ಪರಿಚಯಿಸುವಾಗ ‘ಟ್ರೆಡಿಷನಲ್’ ಎಂದು ಆರಂಭಿಸಿ, ಅಭಿನಯದ ರೀತಿಗೆ ‘ಸ್ಟೈಲೈಸ್ಡ್’ ಎಂಬ ಪದವನ್ನು ಬಳಸಿ. ನಿಜಜೀವನವನ್ನು ಅನುಕರಿಸದೆ ತನ್ನದೇ ನಿಯಮಗಳಿಗೆ ಬದ್ಧವಾದ ಅಭಿನಯಕ್ಕೆ ವಿಮರ್ಶಕರು ಬಳಸುವ ಸರಿಯಾದ ಮಾತು ಅದು. ವೇಷಭೂಷಣಕ್ಕೆ ‘ಎಲಾಬರೇಟ್’ ಅಥವಾ ‘ಆರ್ನೇಟ್’ ಹೊಂದುತ್ತವೆ. ‘ಥಿಯೇಟ್ರಿಕಲ್’ ಎಂಬುದನ್ನು ಬಿಟ್ಟುಬಿಡಿ, ಕನ್ನಡದ ‘ನಾಟಕೀಯ’ದಂತೆ ಅದಕ್ಕೂ ಕೃತಕತೆಯ ವಾಸನೆ ತಗಲಿಕೊಂಡಿದೆ. ತೆಂಕುತಿಟ್ಟು, ಭಾಗವತ, ಚೆಂಡೆ, ಚೌಕಿ ಎಂಬ ಹೆಸರುಗಳನ್ನು ಇಂಗ್ಲಿಷಿಗೆ ಬದಲಿಸದೆ ಹಾಗೆಯೇ ಇರಿಸಿ, ಪ್ರತಿಯೊಂದಕ್ಕೂ ಅರ್ಧ ಸಾಲಿನ ವಿವರಣೆ ಕೊಡಿ. ಕರಪತ್ರದ ಇಂಗ್ಲಿಷ್ ಕರಡನ್ನು ನಿಮ್ಮ ಮಗಳೇ ಬರೆದು ಅದೇ ಅಧ್ಯಾಪಕಿಗೆ ತೋರಿಸಲಿ.